ಇಪ್ಪತ್ತಾರು ಜನಕ್ಕೆ ಒಂದೇ ನಾಲಗೆ

ಜನವರಿ 6

ಪಟ್ಟಿ ಇವತ್ತು ಮುಗಿಯಿತು. ಇಪ್ಪತ್ತಾರು ಸೈನಿಕರು, ಜೊತೆಗೆ ಒಬ್ಬ ದುಭಾಷಿ. ದುಭಾಷಿ ಅಂದರೆ ನಾನು. ಅವರು ಹಿಮದ ಬೆಟ್ಟ ಹತ್ತುವುದು, ಹಗ್ಗ ಹಿಡಿದು ಇಳಿಯುವುದು, ತಣ್ಣೀರು ದಾಟುವುದು ಕಲಿಯಲು ಹೋಗುತ್ತಾರೆ. ನಾನು ಅವರಿಗಾಗಿ ಮಾತಾಡಲು ಹೋಗುತ್ತೇನೆ.

ನಮ್ಮ ಹೊರದೇಶ ತರಬೇತಿ ಶಾಖೆ ಅಂದರೆ ಎರಡು ಕೋಣೆ, ನಾಲ್ಕು ಮೇಜು, ಪಾಸ್‌ಪೋರ್ಟುಗಳ ಒಂದು ಕಬ್ಬಿಣದ ಬೀರು. ಪ್ರತಿ ವರ್ಷ ಆ ದೇಶದ ಸೈನ್ಯ ತನ್ನ ಪರ್ವತ ಶಾಲೆಯಲ್ಲಿ ನಮಗೆ ಇಷ್ಟು ಸೀಟು ಅಂತ ಕೊಡುತ್ತದೆ, ನಾವು ತುಂಬಿಸುತ್ತೇವೆ. ಕಣ್ಣು, ಕಿವಿ, ಹಲ್ಲು, ಹೃದಯ ನೋಡಿಸಬೇಕು. ಬೂಟಿನ ಅಳತೆ ಬರೆದು ಕಳಿಸಬೇಕು. ‘ಏನಾದರೂ ಆದರೆ ಯಾರಿಗೆ ತಿಳಿಸಬೇಕು’ ಎಂಬ ಹಳದಿ ಫಾರ್ಮ್ ತುಂಬಿಸಬೇಕು. ಹೋದ ವರ್ಷ ನಲವತ್ತು ಸೀಟಿತ್ತು. ಮೂವರು ಅರ್ಧಕ್ಕೇ ಕಾಯಿಲೆ ಅಂತ ವಾಪಸ್ ಬಂದರು, ಈ ವರ್ಷ ಇಪ್ಪತ್ತಾರಾಯಿತು.

ಬೆಳಿಗ್ಗೆ ಒಬ್ಬನ ಕಿವಿ ಸೋರುತ್ತೆ ಅಂತ ವೈದ್ಯಕೀಯ ಮಂಡಳಿ ಕೈಬಿಟ್ಟಿತು. ಕ್ಯಾಪ್ಟನ್ ಬಂದು, “ಸಂಜೆಯೊಳಗೆ ಇನ್ನೊಂದು ಹೆಸರು ಬೇಕು” ಅಂದರು. ನಾನು ಭಾಮೈದನ ಹೆಸರು ಹೇಳಿದೆ. ಎರಡು ವರ್ಷದ ಸರ್ವಿಸ್, ಒಳ್ಳೆ ಓಟಗಾರ. ಹಳದಿ ಫಾರ್ಮಿನಲ್ಲಿ ಅವನು ಒಂದೇ ಪದ ಬರೆದ: ಅಕ್ಕ. ಅಪ್ಪ ಅಮ್ಮ ಇಲ್ಲದವನು, ನನ್ನ ಹೆಂಡತಿಯೇ ಸಾಕಿದ್ದು.

ಮನೆಯಲ್ಲಿ ಅವಳಿಗೆ ಖುಷಿಯಾಗುತ್ತೆ ಅಂದುಕೊಂಡಿದ್ದೆ.

“ಅವನಿಗೆ ಚಳಿ ತಡೆಯಲ್ಲ ರೀ. ಚಿಕ್ಕೋನಿದ್ದಾಗ ಸ್ನಾನದ ಮನೆಯಿಂದ ಅರ್ಧ ಸೋಪಲ್ಲೇ ಓಡಿ ಬರ್ತಿದ್ದ.”

“ಈಗೇನು ಚಿಕ್ಕೋನಾ? ಇಪ್ಪತ್ಮೂರಾಯ್ತು. ಹೋಗಿ ಬಂದ್ರೆ ದಾಖಲೆಯಲ್ಲಿ ಒಂದು ಒಳ್ಳೆ ಮಾತು ಸೇರುತ್ತೆ. ಇಲ್ಲೇ ಇದ್ರೆ ಗೇಟು ಕಾಯ್ತಾ ಇರ್ತಾನೆ.”

“ಹೋಗ್ಲಿ, ನೀವಿರ್ತೀರಲ್ಲ” ಅಂದಳು.

ಜನವರಿ 20

ಬಂದು ಎರಡು ದಿನವಾಯಿತು. ಇಡೀ ದಿನ ಬೇರೆಯವರ ಮಾತನ್ನೇ ಆಡಿ ಆಡಿ ಸಂಜೆಗೆ ನನ್ನ ಬಾಯಲ್ಲಿ ನನ್ನದು ಅಂತ ಒಂದು ಮಾತೂ ಉಳಿದಿರುವುದಿಲ್ಲ. ಅದಕ್ಕೇ ಈ ಪುಸ್ತಕ ಜೊತೆಗೆ ತಂದದ್ದು.

ಶಾಲೆ ಅಂದರೆ ಉದ್ದನೆಯ ಆರು ಬ್ಯಾರಕ್, ಒಂದು ಊಟದ ಹಾಲ್, ಒಂದು ಚಿಕಿತ್ಸಾಲಯ, ಹಿಂದೆ ಬೆಟ್ಟ, ಪಕ್ಕದಲ್ಲಿ ಹೊಳೆ. ಇವತ್ತು ಪೂರ್ತಿ ಸ್ಟೋರಿನಲ್ಲೇ ಕಳೆಯಿತು. ನಾವು ಕಳಿಸಿದ ಅಳತೆಗಳು ನಮ್ಮ ನಂಬರಿನಲ್ಲಿ, ಅವರ ಬೂಟುಗಳು ಅವರ ನಂಬರಿನಲ್ಲಿ. ಒಬ್ಬೊಬ್ಬನನ್ನೂ ಕೂರಿಸಿ, ಹೆಬ್ಬೆರಳು ಒತ್ತಿ ನೋಡಿ, “ಇದು ದೊಡ್ಡದು, ಇದು ಚಿಕ್ಕದು” ಅಂತ ಹೇಳಿ ಹೇಳಿ ಗಂಟಲು ಒಣಗಿತು. ಕಿವಿ ಸೋರಿದವನ ಅಳತೆಯ ಬೂಟು ಭಾಮೈದನಿಗೆ ಬಂತು, ಅದು ಒಂದು ನಂಬರ್ ಚಿಕ್ಕದು. ಮುಂದಿನ ವಾರದ ಲಾರಿಯಲ್ಲಿ ಬೇರೆ ಬರುತ್ತೆ, ನೆನಪಿಸಿ ಅಂದ ಸ್ಟೋರಿನವನು.

“ಒಂದು ವಾರ ತಾನೇ ಭಾವ, ತೆಳು ಕಾಲುಚೀಲ ಹಾಕ್ಕೋತೀನಿ” ಅಂದ ಭಾಮೈದ.

ಜನವರಿ 22

ಮುಖ್ಯ ತರಬೇತುದಾರ ಒಬ್ಬ ಸಾರ್ಜೆಂಟ್. ಕೆಂಪು ಕತ್ತು, ಮೊಳದುದ್ದ ಕೈ. ಮಾತಾಡುವಾಗ ಎದುರಿನ ಮರದ ಕಂಬಕ್ಕೆ ಮುಷ್ಟಿಯಿಂದ ಗುದ್ದುತ್ತಾನೆ. ಒಂದೇ ದಿನದಲ್ಲಿ ನಮ್ಮ ಹುಡುಗರು ಅವನಿಗೆ ಸುತ್ತಿಗೆ ಅಂತ ಹೆಸರಿಟ್ಟರು.

ಇವತ್ತು ಹಗ್ಗದ ಪಾಠ. ಸುತ್ತಿಗೆ ಪೂರ್ತಿ ಎರಡು ನಿಮಿಷ ಕೂಗಿದ. ನಮ್ಮ ತಾಯಂದಿರು ಹೆತ್ತದ್ದು ಮಕ್ಕಳನ್ನಲ್ಲ, ಒದ್ದೆ ಹಿಟ್ಟಿನ ಮೂಟೆಗಳನ್ನು ಅಂದ. ಮೂಟೆಗಾದರೂ ಹಗ್ಗ ಕಟ್ಟಿದರೆ ನಿಲ್ಲುತ್ತೆ ಅಂದ. ಇನ್ನೂ ಇತ್ತು, ಬರೆಯಲಾರೆ. ಆಮೇಲೆ ನನ್ನ ಕಡೆ ನೋಡಿದ.

“ಸ್ವಲ್ಪ ಚುರುಕಾಗಿ ಅಂತಿದ್ದಾರೆ” ಅಂದೆ.

ತಾತ ಮುಖ ಗಂಟು ಹಾಕಿಕೊಂಡು, “ಅಷ್ಟು ಹೊತ್ತು ಅರಚಿದ್ದು ಇಷ್ಟಕ್ಕೇನಾ ಭಾಷೆ ಸರ್? ಅವರ ಭಾಷೆ ಬಹಳ ದುಬಾರಿ ಕಣ್ರೀ” ಅಂದ. ಎಲ್ಲರೂ ನಕ್ಕರು. ತಾತ ಅಂದರೆ ನಮ್ಮ ಕಾರ್ಪೊರಲ್, ಮೂವತ್ತೆಂಟು ವರ್ಷ, ಬ್ಯಾಚಿಗೇ ಹಿರಿಯ. ನನಗೆ ಅವರಿಟ್ಟ ಹೆಸರು ‘ಭಾಷೆ ಸರ್’. ಸುತ್ತಿಗೆಗೆ ನಗುವಿಗೆ ಕಾರಣ ತಿಳಿಯಲಿಲ್ಲ. ನನ್ನನ್ನೇ ದಿಟ್ಟಿಸಿ ನೋಡಿದ.

ಜನವರಿ 30

ಬೆಳಿಗ್ಗೆ ಏಳೂವರೆಯಿಂದ ಎಂಟರವರೆಗೆ ಚಿಕಿತ್ಸಾಲಯದ ಬಾಗಿಲಲ್ಲಿ ಸಾಲು. ಡಾಕ್ಟರಮ್ಮ ಒಳ್ಳೆಯವಳು, ಆದರೆ ಅವಸರ. ರೋಗಿಯ ಮುಖ ನೋಡುವುದೇ ಇಲ್ಲ, ನನ್ನ ಬಾಯಿ ನೋಡುತ್ತಾಳೆ.

ತಾತನಿಗೆ ಮಂಡಿ ನೋವು. “ಹತ್ತುವಾಗ ಚುಚ್ಚುತ್ತೆ ಅಷ್ಟೇ” ಅಂದ. ನಾನು, ನೋವಿಗೆ ನಿದ್ದೆಯೇ ಇಲ್ಲ ಅಂತೆ ಅಂದೆ. ಎರಡು ದಿನ ವಿಶ್ರಾಂತಿ ಸಿಕ್ಕಿತು. ಇನ್ನೊಬ್ಬನ ಕೆಮ್ಮಿಗೆ ಸ್ವಲ್ಪ ಜ್ವರ ಸೇರಿಸಿದೆ, ಮತ್ತೊಬ್ಬನ ಭುಜಕ್ಕೆ ಹಳೇ ಪೆಟ್ಟು ಸೇರಿಸಿದೆ. ಒಗ್ಗರಣೆ ಇಲ್ಲದೆ ಯಾವ ಮಾತೂ ರುಚಿಸುವುದಿಲ್ಲ. ಈಗ ಬ್ಯಾರಕ್ಕಿನಲ್ಲಿ ಹೀಟರ್ ಪಕ್ಕದ ಕುರ್ಚಿ ನನಗೇ ಮೀಸಲು. ನಾನು ಒಳಗೆ ಬಂದರೆ ಕೂತವನು ಎದ್ದು ಬಿಡುತ್ತಾನೆ.

ಲಾರಿ ಬಂದಿತ್ತಂತೆ. ಬೂಟಿನ ಮಾತು ಕೇಳಬೇಕು.

ಫೆಬ್ರವರಿ 4

ಕ್ಯಾಪ್ಟನ್ ಅವರದು ಮುಖ್ಯ ಕಟ್ಟಡದಲ್ಲಿ ಚಿಕ್ಕ ಕೋಣೆ. ಎರಡು ಸೈನ್ಯಗಳ ನಡುವಿನ ಕಾಗದಪತ್ರವೆಲ್ಲ ಅಲ್ಲಿಂದಲೇ. ಅವರಿಗೆ ಈ ದೇಶದ ಭಾಷೆಯಲ್ಲಿ ಬರುವುದು ನಮಸ್ಕಾರ ಒಂದೇ. ಇವತ್ತು ಬಾಗಿಲು ಹಾಕಿಕೊಳ್ಳಿ ಅಂದರು.

“ಎರಡು ವಾರದಲ್ಲಿ ಹದಿನೇಳು ವಿಶ್ರಾಂತಿ ದಿನ. ಅವರ ಮೇಜರ್ ನನ್ನನ್ನ ಕರೆದು, ನಿಮ್ಮ ದೇಶದಲ್ಲಿ ಆರೋಗ್ಯವಂತರು ಇಲ್ವಾ ಅಂತ ಕೇಳಿದ್ರು. ನನ್ನ ಮುಖ ಎಲ್ಲಿಡ್ಲಿ?”

“ಚಳಿ ಹೊಸದು ಸರ್.”

“ಒಬ್ಬ, ಒಬ್ಬನೇ ಒಬ್ಬ ವಾಪಸ್ ಹೋದ್ರೂ ಮುಂದಿನ ವರ್ಷ ಈ ಬಾಗಿಲು ಮುಚ್ಚಿತು ಅಂತ ತಿಳ್ಕೊಳ್ಳಿ. ನಾನು ಪ್ರತಿಯೊಬ್ಬನ ಹಿಂದೆ ಹೋಗಕ್ಕಾಗಲ್ಲ. ಡಾಕ್ಟರ ಹತ್ರ ಯಾವ ಮಾತು ಹೋಗುತ್ತೆ ಅನ್ನೋದು ನಿಮ್ಮ ಬಾಯಲ್ಲಿದೆ.”

ಆಮೇಲೆ ದನಿ ಇಳಿಸಿ ಇನ್ನೊಂದು ಹೇಳಿದರು. ಸೀಟು ಮತ್ತೆ ನಲವತ್ತಾದರೆ ಇಲ್ಲಿ ಒಬ್ಬ ಕಾಯಂ ದುಭಾಷಿ ಬೇಕಾಗುತ್ತಾನೆ. ಸಂಸಾರ ಸಮೇತ ಇರಬಹುದು. ಹೊಳೆಯಾಚೆ ಕಾಣುವ ಹಸಿರು ಬಾಗಿಲಿನ ಮನೆಗಳು ಅದಕ್ಕೇ ಇರುವುದು.

ಹೆಂಡತಿಗೆ ಈಗಲೇ ಹೇಳುವುದಿಲ್ಲ. ಆಸೆ ಹುಟ್ಟಿಸಬಾರದು.

ಫೆಬ್ರವರಿ 8

ಇವತ್ತು ಸಾಲಿನಲ್ಲಿ ಏಳು ಜನ. ಒಬ್ಬನು, ಕೆಮ್ಮಿದರೆ ಎದೆ ಹಿಡಿದುಕೊಳ್ಳುತ್ತೆ, ಉಗುಳಿದರೆ ಕೆಂಪು ಕಾಣುತ್ತೆ ಅಂದ. ನಾನು ಕೆಮ್ಮು ಅಂದೆ. ಡಾಕ್ಟರಮ್ಮ ಮಾತ್ರೆ ಕೊಟ್ಟಳು. ಸುಳ್ಳು ಹೇಳಲಿಲ್ಲ. ಕೆಮ್ಮಿತ್ತು, ಕೆಮ್ಮು ಅಂದೆ. ಉಳಿದದ್ದನ್ನು ಹೇಳಲಿಲ್ಲ, ಅಷ್ಟೆ.

ಏಳೂ ಜನ ತರಬೇತಿಗೆ ಹೋದರು. ಯಾರೂ ಸಾಯಲಿಲ್ಲ. ಹಾಗಾದರೆ ಹಿಂದಿನ ಹದಿನೇಳು ದಿನ ಏತಕ್ಕೆ?

ಫೆಬ್ರವರಿ 13

ಸುತ್ತಿಗೆ ನನ್ನನ್ನು ತರಬೇತುದಾರರ ಕೋಣೆಗೆ ಊಟಕ್ಕೆ ಕರೆದ. ಒಳಗೆ ಎಷ್ಟು ಬೆಚ್ಚಗಿದೆ ಅಂದರೆ ಕೋಟು ಬಿಚ್ಚಿ ಕೂತಿದ್ದೆ. ಬಿಸಿ ಸೂಪು, ಬೆಣ್ಣೆ ಹಚ್ಚಿದ ಬ್ರೆಡ್ಡು, ಚರ್ಮದ ಕುರ್ಚಿ. ಅವನಿಗೆ ಇಬ್ಬರು ಹೆಣ್ಣುಮಕ್ಕಳಂತೆ, ಫೋಟೋ ತೋರಿಸಿದ. ಕೆಟ್ಟವನಲ್ಲ.

“ನಿನ್ನ ದನಿ ಮೆತ್ತಗಿದೆ” ಅಂದ. “ನಾನು ಬೆಂಕಿ ಕೊಟ್ಟರೆ ನೀನು ನೀರು ಮಾಡಿ ಹಂಚುತ್ತೀಯ. ನಿನ್ನ ಜನ ಕೇಳುವುದು ನನ್ನನ್ನಲ್ಲ, ನಿನ್ನನ್ನು. ಬೆಟ್ಟದ ಮೇಲೆ ಅವರಲ್ಲಿ ಒಬ್ಬ ಸತ್ತರೆ ಅದು ನಿನ್ನ ಮರ್ಯಾದೆಯಿಂದ ಸತ್ತ ಹಾಗೆ.”

ಮಾತು ನಾಟಿತು. ಮಧ್ಯಾಹ್ನ ಅವನು ಕೂಗಿದ್ದನ್ನು ಕೂಗಿದ ಹಾಗೇ ಹೇಳಿದೆ. ಹೇಡಿ ಅಂದರೆ ಹೇಡಿ ಅಂದೆ, ತಾಯಿಯ ಮಾತು ಬಂದರೆ ತಾಯಿಯ ಮಾತನ್ನೂ ಬಿಡಲಿಲ್ಲ. ಅವರ ಭಾಷೆಯಲ್ಲಿ ಹೇಡಿ ಅನ್ನುವುದಕ್ಕೂ ಹೆದರಿದ್ದಾನೆ ಅನ್ನುವುದಕ್ಕೂ ಒಂದೇ ಪದ. ನಮ್ಮವರ ಮುಖಗಳು ಕಲ್ಲಾದವು. ಆದರೆ ಹಗ್ಗದ ಗೋಡೆಯನ್ನು ಮೊನ್ನೆಗಿಂತ ನಲವತ್ತು ಸೆಕೆಂಡು ಬೇಗ ಹತ್ತಿದರು. ದಂಡಂ ದಶಗುಣಂ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಫೆಬ್ರವರಿ 17

ಇವತ್ತು ಸಾರ್ಜೆಂಟ್ ಬರೀ “ಮತ್ತೆ” ಅಂದ. ಉಳಿದದ್ದು ನಾನೇ ಸೇರಿಸಿದೆ. ಚೆನ್ನಾಗಿ ಬಂತು.

ಫೆಬ್ರವರಿ 20

ಊಟದ ಹಾಲಿನ ಹೊರಗೆ ಭಾಮೈದ ಕಾಯುತ್ತ ನಿಂತಿದ್ದ.

“ಭಾವ, ಬೂಟು ತುಂಬ ಬಿಗಿ. ಎರಡು ಕಾಲುಚೀಲ ಹಾಕಿದ್ರೆ ಕಾಲೇ ಹೋಗಲ್ಲ, ಒಂದೇ ಹಾಕಿದ್ರೆ ಚಳಿ. ಸ್ಟೋರಿನವನಿಗೆ ನಾನು ಕೈಸನ್ನೆ ಮಾಡಿ ತೋರಿಸ್ದೆ. ಅವನು ನಿಮ್ಮನ್ನ ಕರ್ಕೊಂಡು ಬಾ ಅಂತ ಸನ್ನೆ ಮಾಡ್ದ.”

“ಇಪ್ಪತ್ತಾರು ಜನದಲ್ಲಿ ನಿನ್ನ ಬೂಟಿಗೆ ಮಾತ್ರ ನಾನು ಓಡಾಡಿದ್ರೆ ಮಿಕ್ಕೋರು ಏನಂದ್ಕೋತಾರೆ? ಹೆಂಡ್ತಿ ತಮ್ಮ ಅಂತ ತಾನೇ?”

“ಹೌದು ಭಾವ, ಅದೂ ನಿಜ” ಅಂದ. ಬಗ್ಗಿ ಬೂಟಿನ ಲಾಡಿ ಸಡಿಲಿಸಿಕೊಂಡು ಹೋದ. ಒಳ್ಳೆ ಹುಡುಗ, ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾನೆ.

ಈಗ ಬ್ಯಾರಕ್ಕಿಗೆ ಹೋದರೆ ಯಾರೂ ಕುರ್ಚಿ ಬಿಡುವುದಿಲ್ಲ. ನನಗೂ ಅಲ್ಲಿ ಕೂರಲು ಹೊತ್ತಿಲ್ಲ.

ಫೆಬ್ರವರಿ 23, ಭಾನುವಾರ

ಹೆಂಡತಿಯ ಫೋನ್. ಹುಡುಗರಿಗೆ ಇಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ, ನನಗೆ ಮಾತ್ರ.

“ಹೇಗಿದಾನ್ರೀ?”

“ಕಬ್ಬಿಣ ಆಗಿದಾನೆ.”

“ಕೈಗೆ ಕೊಡಿ, ಒಂದು ಮಾತಾಡ್ತೀನಿ.”

ಅವನು ಪಕ್ಕದಲ್ಲೇ ಊಟದ ಸಾಲಿನಲ್ಲಿ ನಿಂತಿದ್ದ. ತರಬೇತಿಯಲ್ಲಿದಾನೆ ಅಂದೆ. ಕೊಟ್ಟರೆ ಬೂಟಿನ ಪುರಾಣ ಬಿಚ್ಚುತ್ತಾನೆ, ಅವಳಿಗೆ ಅಲ್ಲಿ ನಿದ್ದೆ ಕೆಡುತ್ತೆ. ಅವಳ ಒಳ್ಳೆಯದಕ್ಕೇ.

ಫೆಬ್ರವರಿ 26

ಹೊಳೆ ದಾಟುವ ಅಭ್ಯಾಸ. ಸೊಂಟದವರೆಗೆ ನೀರು, ಅಂಚಿನಲ್ಲಿ ಮಂಜುಗಡ್ಡೆ. ಎರಡು ಕಂಬಗಳ ನಡುವೆ ಹಗ್ಗ. ಹಗ್ಗ ಹಿಡಿದು ಆಚೆ ಹೋಗಿ ಈಚೆ ಬರಬೇಕು, ಬಂದ ಕೂಡಲೆ ಟೆಂಟಿನಲ್ಲಿ ಒಣಬಟ್ಟೆ, ಬಿಸಿ ಪಾನೀಯ. ಆಚೆ ದಡದಲ್ಲಿ ಶಾಲೆಯ ಮೇಜರ್ ಬಂದು ನಿಂತಿದ್ದರು, ಅವರ ಪಕ್ಕದಲ್ಲಿ ನಮ್ಮ ಕ್ಯಾಪ್ಟನ್. ಮುಂದಿನ ವರ್ಷದ ಸೀಟು ನಿರ್ಧಾರವಾಗುವ ದಿನ ಅಂತ ಕ್ಯಾಪ್ಟನ್ ಬೆಳಿಗ್ಗೆಯೇ ಕಿವಿಯಲ್ಲಿ ಊದಿದ್ದರು.

ಹದಿನೆಂಟು ಜನ ದಾಟಿದರು, ತಾತನೂ ಕುಂಟುತ್ತ ದಾಟಿದ. ಹತ್ತೊಂಬತ್ತನೆಯವನು ಭಾಮೈದ. ಬೆಳಿಗ್ಗೆಯಿಂದ ಹಿಮದಲ್ಲಿ ಸರದಿಗಾಗಿ ನಿಂತಿದ್ದ. ಒಮ್ಮೆ ದಾಟಿ ಬಂದ. ಬರುವಾಗ ಎರಡು ಸಲ ಮುಗ್ಗರಿಸಿದ. ದಡಕ್ಕೆ ಬಂದವನು ಟೆಂಟಿನ ಕಡೆ ಹೋಗದೆ ಅಲ್ಲೇ ಕೂತುಬಿಟ್ಟ. ಸಾರ್ಜೆಂಟ್ ಏಳು ಅಂದ. ಏಳಲಿಲ್ಲ. ಆಚೆ ದಡದಲ್ಲಿ ಮೇಜರ್ ಕತ್ತು ಚಾಚಿ ನೋಡುತ್ತಿದ್ದರು.

“ಏನಂತೆ ಅವನಿಗೆ? ಕೇಳು” ಅಂದ ಸಾರ್ಜೆಂಟ್.

ಕೇಳಿದೆ. ಭಾಮೈದನ ತುಟಿ ನೀಲಿಯಾಗಿತ್ತು.

“ಭಾವ, ಕಾಲು ಗೊತ್ತಾಗ್ತಿಲ್ಲ. ಎರಡೂ. ಬೆರಳು ಇದಾವೋ ಇಲ್ವೋ ಗೊತ್ತಾಗ್ತಿಲ್ಲ. ಅವರಿಗೆ ಹೇಳಿ ಭಾವ.”

ಅವನ ಪಕ್ಕದಲ್ಲೇ ತಾತ ಕಂಬಳಿ ಹೊದ್ದು ನಿಂತಿದ್ದ. ಕಾಲು ಗೊತ್ತಾಗ್ತಿಲ್ಲ ಅಂದರೆ ಡಾಕ್ಟರು, ಡಾಕ್ಟರು ಅಂದರೆ ಮೂರು ದಿನ, ಮೂರು ದಿನ ತಪ್ಪಿದರೆ ವಾಪಸ್. ಅದೂ ಮೇಜರ್ ಕಣ್ಣೆದುರಿಗೆ, ಅದೂ ನನ್ನ ಮನೆಯವನು. ಜೊತೆಗೆ, ನಿಜ ಹೇಳಬೇಕೆಂದರೆ, ಬೂಟಿನ ರಾಗ ಕೇಳಿ ಕೇಳಿ ನನಗೂ ಸಾಕಾಗಿತ್ತು. ಹದಿನೆಂಟು ಜನರಿಗೆ ಕಾಲು ಗೊತ್ತಾಗುತ್ತೆ, ಇವನೊಬ್ಬನಿಗೆ ಗೊತ್ತಾಗುವುದಿಲ್ಲವೆ?

“ಹೆದರಿದ್ದಾನೆ” ಅಂದೆ.

ಸಾರ್ಜೆಂಟ್ ನಕ್ಕ. ಹೆದರಿಕೆಗೆ ನೀರೇ ಔಷಧಿ, ಇನ್ನೂ ಎರಡು ಸಲ ಅಂದ. ನಾನು ಅದನ್ನು ಭಾಮೈದನಿಗೆ ಹೇಳಿದೆ. ಅವನು ಸಾರ್ಜೆಂಟನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ಹಗ್ಗ ಹಿಡಿದುಕೊಂಡು ಎದ್ದ.

ಎರಡು ಸಲವೂ ದಾಟಿದ. ಆಗುತ್ತಿರಲಿಲ್ಲ ಅಂದರೆ ದಾಟುತ್ತಿದ್ದನೆ? ಮೇಜರ್ ಚಪ್ಪಾಳೆ ತಟ್ಟಿದರು.

ಫೆಬ್ರವರಿ 27

ಬೆಳಿಗ್ಗೆ ತಾತ ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದ. ನಿನ್ನೆ ಬೂಟು ಬಿಚ್ಚಲು ಬರದೆ ಕತ್ತರಿಸಿ ತೆಗೆದರಂತೆ. ಬಲಗಾಲಿನ ಬೆರಳುಗಳು ಮೇಣದ ಬಣ್ಣ, ತುದಿ ಕಪ್ಪು. ಎಡಗಾಲಿನಲ್ಲಿ ಗುಳ್ಳೆ.

ಡಾಕ್ಟರಮ್ಮ ಮೊದಲ ಸಲ ನನ್ನ ಬಾಯಿ ನೋಡದೆ ರೋಗಿಯನ್ನು ನೋಡಿದಳು. ಯಾವಾಗಿಂದ ಸ್ಪರ್ಶವಿಲ್ಲ ಅಂತ ಕೇಳಿದಳು.

“ನಿನ್ನೆ ಹೊಳೆ ಹತ್ರಾನೇ ಹೇಳಿದ್ನಲ್ಲ ಭಾವ” ಅಂದ.

ನಿನ್ನೆ ಮಲಗುವಾಗ ಗೊತ್ತಾಯಿತಂತೆ ಅಂದೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಅವಳು ಅವನನ್ನು ಬೈದಳು. ಅವನಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿದ. ಹತ್ತು ಗಂಟೆಗೆ ಗಾಡಿ ಬಂತು, ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಊಟ ಸೇರಲಿಲ್ಲ.

ಮಾರ್ಚ್ 1

ಊಟ ಸೇರಿತು.

ಮಾರ್ಚ್ 5

ಆಸ್ಪತ್ರೆಯಲ್ಲೇ ವಿಚಾರಣೆ. ಹಾಸಿಗೆಯ ಸುತ್ತ ಕುರ್ಚಿ ಹಾಕಿದ್ದರು. ಶಾಲೆಯ ಮೇಜರ್, ಅವರದೇ ಒಬ್ಬ ಡಾಕ್ಟರ್, ಟೈಪ್ ಮಾಡುವ ಗುಮಾಸ್ತ, ನಮ್ಮ ಕಡೆಯಿಂದ ಕ್ಯಾಪ್ಟನ್. ನಡುವೆ ನಾನು.

ಒಳಗೆ ಹೋಗುವ ಮುಂಚೆ ಕ್ಯಾಪ್ಟನ್ ಕಾರಿಡಾರಿನಲ್ಲಿ ಹೇಳಿದ್ದು ಇಷ್ಟೇ: “ಸೈನಿಕ ಹೇಳಿದ್ದನ್ನ ತರಬೇತುದಾರ ಕೇಳಲಿಲ್ಲ ಅಂತಾದ್ರೆ ಅದು ಎರಡು ಸೈನ್ಯಗಳ ಜಗಳ. ಸೈನಿಕನೇ ಮುಚ್ಚಿಟ್ಟ ಅಂತಾದ್ರೆ ಅವನೊಬ್ಬನ ಅಜಾಗರೂಕತೆ. ಅವನನ್ನ ವಾಪಸ್ ಕಳಿಸಿದ ಲೆಕ್ಕಕ್ಕೂ ಹಿಡಿಯಲ್ವಂತೆ. ನೀವು ಏನು ಹೇಳಬೇಕು ಅಂತ ನಾನು ಹೇಳ್ತಿಲ್ಲ.”

ಮೇಜರ್ ಕೇಳಿದರು: ಕಾಲಿನ ಸ್ಥಿತಿಯನ್ನು ಯಾರಿಗಾದರೂ ತಿಳಿಸಿದೆಯಾ?

ಭಾಮೈದ ದಿಂಬಿಗೆ ಒರಗಿ ಕೂತ. ಗಡ್ಡ ಬೆಳೆದು ಹತ್ತು ವರ್ಷ ದೊಡ್ಡವನ ಹಾಗೆ ಕಾಣುತ್ತಿದ್ದ.

“ತಿಳಿಸ್ದೆ ಸರ್. ದಡದಲ್ಲೇ ಭಾವಂಗೆ ಹೇಳ್ದೆ. ಭಾವ ಸಾರ್ಜೆಂಟ್‌ಗೆ ಹೇಳಿದ್ರು. ಸಾರ್ಜೆಂಟ್ ನಕ್ಕುಬಿಟ್ರು. ಭಾವಂದೇನೂ ತಪ್ಪಿಲ್ಲ, ಅವರು ಪಾಪ ಹೇಳಿದ್ರು.”

ಕ್ಯಾಪ್ಟನ್‌ಗೆ ನಮ್ಮ ಭಾಷೆ ನನಗಿಂತ ಚೆನ್ನಾಗಿ ಬರುತ್ತದೆ. ಅವರು ಕಿಟಕಿಯ ಕಡೆ ತಿರುಗಿದರು. ಮೇಜರ್ ನನ್ನ ಕಡೆ ತಿರುಗಿದರು.

ನಾನು ಅವರ ಭಾಷೆಯಲ್ಲಿ, ಅವನದೇ ಮಾತಿನ ಹಾಗೆ, ನಿಧಾನವಾಗಿ, ಗುಮಾಸ್ತನಿಗೆ ಟೈಪ್ ಮಾಡಲು ಅನುಕೂಲವಾಗುವ ಹಾಗೆ ಹೇಳಿದೆ: ಯಾರಿಗೂ ತಿಳಿಸಲಿಲ್ಲ. ದಡದಲ್ಲಿ ಹೆದರಿಕೆಯಾಯಿತು ಎಂದಷ್ಟೇ ಹೇಳಿದೆ. ಬೂಟು ಬಿಗಿಯಾಗಿದ್ದರೂ ಬದಲಾಯಿಸಿಕೊಳ್ಳಲಿಲ್ಲ. ತಪ್ಪು ನನ್ನದು.

ಬೂಟಿನ ಮಾತು ಅವನು ಎತ್ತಿರಲಿಲ್ಲ. ಮುಂದೆ ಯಾರಾದರೂ ಎತ್ತಬಾರದು ಅಂತ ಸೇರಿಸಿದೆ. ವಾಕ್ಯ ಪೂರ್ತಿಯಾಗಿರಬೇಕು.

“ಎಲ್ಲ ಸರಿಯಾಗಿ ಹೇಳಿದ್ರಾ?” ಅಂತ ಕ್ಯಾಪ್ಟನ್ ಕಿಟಕಿಯಿಂದಲೇ ಕೇಳಿದರು.

“ಹೇಳಿದೆ ಸರ್.”

“ಹಾಗಾದ್ರೆ ಆಯ್ತು.” ಪೆನ್ನಿನ ಮುಚ್ಚಳ ಹಾಕಿದರು.

ಗುಮಾಸ್ತ ಹಾಳೆ ತೆಗೆದು ಹಾಸಿಗೆಯ ಮೇಲಿಟ್ಟ. ಭಾಮೈದ ಅದನ್ನು ಮೇಲಿಂದ ಕೆಳಕ್ಕೆ ನೋಡಿದ, ಒಂದಕ್ಷರವೂ ಬಾರದ ಲಿಪಿ.

“ಎಲ್ಲಿ ಹಾಕ್ಲಿ ಭಾವ ಸಹಿ?”

ಬೆರಳಿಟ್ಟು ತೋರಿಸಿದೆ. ಸ್ಪಷ್ಟವಾಗಿ, ಶಾಲೆಯ ಹುಡುಗನ ಹಾಗೆ ಪೂರ್ತಿ ಹೆಸರು ಬರೆದ.

ಮಾರ್ಚ್ 9, ಭಾನುವಾರ

ಹಳದಿ ಫಾರ್ಮಿನ ಪ್ರಕಾರ ಹೆಂಡತಿಗೆ ಪತ್ರ ಹೋಗಿದೆ. ಆ ಪತ್ರವನ್ನು ನಮ್ಮ ಭಾಷೆಗೆ ತಂದವನು ನಾನೇ. ಫೋನಿನಲ್ಲಿ ಬಹಳ ಹೊತ್ತು ಅತ್ತಳು.

“ನೀವು ಅಲ್ಲೇ ಇದ್ರಲ್ಲ, ನಿಮಗೂ ಹೇಳಲಿಲ್ವಾ ಅವನು?”

“ಹೇಳಿದ್ರೆ ಬಿಡ್ತಿದ್ನಾ? ಸೊಕ್ಕು. ಎಲ್ಲರ ಮುಂದೆ ಗಂಡಸ್ತನ ತೋರಿಸಕ್ಕೆ ಹೋದ. ನಾನು ತಲೆ ಎತ್ತಿಕೊಂಡು ಓಡಾಡೋ ಹಾಗಿಲ್ಲ ಇಲ್ಲಿ.”

“ಅಯ್ಯೋ, ನಿಮಗೆಂಥ ಅವಮಾನ ಮಾಡಿಟ್ಟ” ಅಂದಳು. ಅಳು ಸಿಟ್ಟಿಗೆ ತಿರುಗಿತು. ಒಳ್ಳೆಯದೇ, ಸಿಟ್ಟು ಬಂದರೆ ದುಃಖ ತಡೆಯುವುದು ಸುಲಭ. ಅವನಿಗೊಂದು ಕಾಗದ ಬರೆಯುತ್ತೇನೆ ಅಂದಳು. ಬರಿ ಅಂದೆ.

ಮಾರ್ಚ್ 14

ಕಾರ್ಪೊರಲ್ ನನ್ನ ಕೋಣೆಗೆ ಬಂದ. ಕೂತುಕೋ ಅಂದರೂ ಕೂರಲಿಲ್ಲ.

“ಭಾಷೆ ಸರ್, ಅವತ್ತು ಹೊಳೆ ಹತ್ರ ಹುಡುಗ ಅಷ್ಟುದ್ದ ಹೇಳ್ದ. ನೀವು ಒಂದೇ ಪದ ಹೇಳಿದ್ರಿ.”

“ಅವರ ಭಾಷೆ ಹಾಗೆ. ಚುಟುಕು.”

“ನಂಗೆ ಅವರ ಭಾಷೆ ಬರಲ್ಲ ಸರ್. ಆದ್ರೆ ಆ ಪದ ಬರುತ್ತೆ. ಹಗ್ಗ ಹಿಡಿದಾಗೆಲ್ಲ ಸುತ್ತಿಗೆ ನಂಗೆ ಅದನ್ನೇ ಕೂಗ್ತಾನೆ. ನೀವೇ ಅರ್ಥ ಹೇಳಿದ್ದು, ಹೇಡಿ ಅಂತ.”

ಹೊರಗೆ ಯಾರೋ ಹಿಮ ಗೋರುತ್ತಿದ್ದರು. ನಾನು ಕಾಗದ ಜೋಡಿಸುತ್ತಿದ್ದೆ, ಜೋಡಿಸುವುದನ್ನು ನಿಲ್ಲಿಸಲಿಲ್ಲ.

“ನಿನ್ನ ಮಂಡಿ ಹೇಗಿದೆ?” ಅಂದೆ.

ಅವನ ಕೈ ಮಂಡಿಗೆ ಹೋಯಿತು.

“ಊದಿಕೊಂಡಿದೆ ಅಂತ ಕೇಳಿದೆ. ಇನ್ನು ನಾಲ್ಕು ವಾರ ಇದೆ. ಕೊನೇ ವಾರ ಶಿಖರ ಹತ್ತಬೇಕು. ಡಾಕ್ಟರಿಗೆ ಏನು ಹೇಳಬೇಕೋ ಹೇಳೋನು ನಾನೇ ತಾನೇ? ನೋವಿದೆ ಅಂತಲೂ ಹೇಳಬಹುದು. ಇಲ್ಲ ಅಂತಲೂ ಹೇಳಬಹುದು. ನಾಟಕ ಆಡ್ತಿದಾನೆ ಅಂತಲೂ ಹೇಳಬಹುದು.”

ನನಗೇ ಆಶ್ಚರ್ಯವಾಯಿತು, ದನಿ ಒಂದಿಷ್ಟೂ ಏರಿರಲಿಲ್ಲ.

“ನಂಗೂ ಮನೇಲಿ ಮೂರು ಜನ ಇದಾರೆ ಸರ್” ಅಂದ.

“ಗೊತ್ತು. ಫಾರ್ಮ್ ತುಂಬಿಸಿದ್ದು ನಾನೇ.”

ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದ. ತಿಳುವಳಿಕೆಯುಳ್ಳ ಮನುಷ್ಯ. ಸೋಮವಾರ ಅವನಿಗೆ ಒಂದು ದಿನ ವಿಶ್ರಾಂತಿ ಕೊಡಿಸುತ್ತೇನೆ.

ಮಾರ್ಚ್ 21

ಬಲಗಾಲಿನ ಐದೂ ಬೆರಳು, ಎಡಗಾಲಿನ ಎರಡು ತೆಗೆದರು. ಆಸ್ಪತ್ರೆಯಿಂದ ಬಂದ ಕಾಗದ ಭಾಷಾಂತರಕ್ಕೆ ನನ್ನ ಮೇಜಿಗೇ ಬಂತು. ‘ಕತ್ತರಿಸಲಾಯಿತು’ ಅಂತ ಬರೆದು, ಒರಟಾಯಿತು ಅನಿಸಿ ‘ತೆಗೆಯಲಾಯಿತು’ ಅಂತ ಮಾಡಿದೆ.

ಮಾರ್ಚ್ 28

ಸೀಟು ನಲವತ್ತಾಯಿತು! ಮೇಜರ್ ತಮ್ಮ ವರದಿಯಲ್ಲಿ ಹೊಳೆ ದಾಟಿದ ದಿನದ ಬಗ್ಗೆ ಎರಡು ಸಾಲು ಬರೆದಿದ್ದಾರೆ, ಮನೋಬಲ ಅಸಾಧಾರಣ ಅಂತ. ಕ್ಯಾಪ್ಟನ್ ಕೈಕುಲುಕಿದರು. ನನ್ನ ಕಾಯಂ ನೇಮಕದ ಕಡತವೂ ಹೊರಟಿದೆ. ಸಾರ್ಜೆಂಟ್ ಬೆನ್ನು ತಟ್ಟಿ ತನ್ನ ಹಳೆಯ ಚರ್ಮದ ಕೈಗವಸು ಕೊಟ್ಟ. ನನ್ನ ಕೈಗೆ ಅಳತೆ ಮಾಡಿಸಿದ ಹಾಗಿದೆ.

ಊಟದ ಹಾಲಿನಲ್ಲಿ ನಮ್ಮ ಹುಡುಗರಿಗೆ ಸುದ್ದಿ ಹೇಳಿದಾಗ ಯಾರೂ ತಲೆ ಎತ್ತಲಿಲ್ಲ. ತಟ್ಟೆಯ ಸದ್ದು ಮಾತ್ರ. ಕೃತಜ್ಞತೆ ಅನ್ನುವುದು ಕಲಿಸಿದರೆ ಬರುವ ವಿದ್ಯೆಯಲ್ಲ.

ಏಪ್ರಿಲ್ 3

ಇವತ್ತು ಅವನನ್ನು ಊರಿಗೆ ಕಳಿಸಿದರು. ಕಾಗದಗಳನ್ನು ವಿಮಾನದ ಸಿಬ್ಬಂದಿಗೆ ವಿವರಿಸಬೇಕಿತ್ತು, ಹಾಗಾಗಿ ನಾನೇ ಆಸ್ಪತ್ರೆಗೆ ಹೋದೆ. ಹೋಗಿ ಸೇರಿದ ಮೇಲೆ ಅವನಿಗೆ ಸೈನ್ಯದಲ್ಲಿ ಕೆಲಸವಿಲ್ಲ. ಸ್ವಂತ ಅಜಾಗರೂಕತೆ ಅಂತ ಬರೆದ ಮೇಲೆ ಬೇರೆ ದಾರಿಯಿಲ್ಲ.

ಗಾಲಿಕುರ್ಚಿಯಲ್ಲಿ ಕೂತಿದ್ದ. ಮೊಣಕಾಲ ಮೇಲೆ ಮಡಿಸಿ ಮಡಿಸಿ ಸವೆದ ಕಾಗದ.

“ಅಕ್ಕ ಬರೆದಿದಾಳೆ ಭಾವ. ತುಂಬ ಬೈದಿದಾಳೆ. ಹೇಳಬಾರದಿತ್ತಾ, ನಿನ್ನ ಭಾವ ಅಲ್ಲೇ ಇದ್ರಲ್ಲ, ಅವರ ಹೆಸರು ಯಾಕೆ ಕೆಡಿಸ್ದೆ ಅಂತ.”

ನಾನು ಲಕೋಟೆಗೆ ಅಂಟು ಹಚ್ಚುತ್ತಿದ್ದೆ.

“ನಾನು ಹೇಳಿದ್ದೆ ಅಂತಲೇ ಅಂದ್ಕೊಂಡಿದ್ದೆ. ಇಲ್ಲಿ ಮಲಗಿ ಮಲಗಿ ದಿನಾ ಅದನ್ನೇ ಯೋಚಿಸ್ತೀನಿ. ಬಾಯಿ ಮರಗಟ್ಟಿತ್ತು ಆಗ. ಮಾತು ಹೊರಗೆ ಬಂತೋ, ಬರೀ ಮನಸ್ಸಲ್ಲೇ ಅಂದ್ಕೊಂಡ್ನೋ. ವಿಚಾರಣೆ ಕಾಗದದಲ್ಲೂ ಹೇಳಲಿಲ್ಲ ಅಂತಿದೆಯಂತೆ, ನಾನೇ ಸಹಿ ಹಾಕಿದೀನಂತೆ. ಔಷಧಿ ಮಂಪರಲ್ಲಿ ಅವತ್ತು ಏನಂದ್ನೋ ಅದೂ ಸರಿಯಾಗಿ ನೆನಪಿಲ್ಲ. ನೀವು ಹೇಳಿ ಭಾವ. ನಾನು ಹೇಳಿದ್ನಾ?”

ಕಣ್ಣು ಎಳೆಯ ಮಗುವಿನ ಹಾಗೆ ಅರಳಿಸಿಕೊಂಡು ಕೇಳಿದ. ಏನು ಹೇಳಿದರೂ ನಂಬುವ ಸ್ಥಿತಿಯಲ್ಲಿದ್ದ. ಇಂಥ ಹೊತ್ತಿನಲ್ಲಿ ರೋಗಿಯನ್ನು ಗೊಂದಲದಲ್ಲಿ ಬಿಡಬಾರದು.

“ಇಲ್ಲ” ಅಂದೆ. “ನೀನು ಹೇಳಲಿಲ್ಲ.”

ತಲೆ ತಗ್ಗಿಸಿದ. ಬ್ಯಾಂಡೇಜು ಸುತ್ತಿದ ಕಾಲನ್ನೇ ನೋಡುತ್ತಿದ್ದ. ಆಮೇಲೆ ಹೇಗೋ ಎದ್ದು ನನ್ನ ಕಾಲು ಮುಟ್ಟಲು ಬಗ್ಗಿದ. ಸಮತೋಲ ತಪ್ಪಿತು, ಬೀಳುವುದರೊಳಗೆ ನಾನೇ ಹಿಡಿದು ಕೂರಿಸಿದೆ.

“ತಪ್ಪಾಯ್ತು ಭಾವ. ನನ್ನಿಂದ ನಿಮಗೆಲ್ಲ ಕೆಟ್ಟ ಹೆಸರು ಬಂತು. ಮನಸ್ಸಲ್ಲಿ ಇಟ್ಕೋಬೇಡಿ.”

“ಆಯ್ತು ಬಿಡು” ಅಂದೆ. “ಕ್ಷಮಿಸಿದೀನಿ.”

ಎರಡು ಕೈಯಲ್ಲೂ ನನ್ನ ಕೈ ಹಿಡಿದುಕೊಂಡು ಅತ್ತ. ಗಾಡಿ ಗೇಟು ದಾಟುವವರೆಗೆ ನಿಂತಿದ್ದು ವಾಪಸ್ ಬಂದೆ. ಎಷ್ಟೋ ದಿನದ ಮೇಲೆ ಎದೆ ಹಗುರವಾಗಿದೆ. ಏನೇ ಆದರೂ ಹೆಂಡತಿಯ ತಮ್ಮ, ಚಿಕ್ಕವನು. ದೊಡ್ಡವರಾದವರು ಹೊಟ್ಟೆಗೆ ಹಾಕಿಕೊಳ್ಳಬೇಕು.